ವಿಸ್ಸಿಂಕ್ ಡಾಕ್ಟರರು ಸತ್ತ ಮಧ್ಯಾಹ್ನ

ಡಾಕ್ಟರ್ ಬೆರೆಂಡ್ ವಿಸ್ಸಿಂಕ್ ಅವರಿಗೆ ಇದ್ದದ್ದು ಒಂದೇ ಕೊರಗು: ಕಟ್ಟಿಕೊಂಡ ಹೆಂಡತಿಯ ಕಣ್ಣು ಎರಡು ಗಳಿಗೆ ಒಂದೆಡೆ ನಿಲ್ಲುವುದಿಲ್ಲ. ಇದನ್ನು ಯಾರ ಮುಂದೆ ತೋಡಿಕೊಂಡರೂ ಜನ ಬೇರೇನೋ ತಿಳಿದುಕೊಂಡು ಕನಿಕರದಿಂದ ಅವರ ಬೆನ್ನು ಸವರುತ್ತಿದ್ದರು. (ಆದ್ದರಿಂದ ತೋಡಿಕೊಳ್ಳುವುದನ್ನೇ ಬಿಟ್ಟಿದ್ದರು.) ಅವರ ಹೆಂಡತಿ ಅಲೈಡಾ ಮಹಾ ಸಾಧ್ವಿ, ಅದು ಊರಿಗೇ ಗೊತ್ತಿದ್ದ ವಿಷಯ. ಡಾಕ್ಟರರಿಗೆ ಬೇಕಾಗಿದ್ದದ್ದು ಅವಳ ಶೀಲವಲ್ಲ, ಅವಳ ಕಣ್ಣೊಳಗಿನ ಮಸೂರ.

ಡೆವೆಂಟರ್ ಊರಿಗೆ ರೈಲು ಬರುತ್ತದೆ ಎಂಬುದು ಇನ್ನೂ ಬರೀ ಮಾತಾಗಿದ್ದ ಕಾಲ ಅದು. ಸಂಜೆಯಾದರೆ ಗಂಡಸರಿಗೆ ಹೋಗಲು ಹೆಂಡದಂಗಡಿ ಬಿಟ್ಟರೆ ವಿಜ್ಞಾನ ಸಂಘ. ಎರಡು ಕಡೆಯೂ ನಡೆಯುತ್ತಿದ್ದದ್ದು ಜಗಳವೇ. ಸಂಘದಲ್ಲಿ ಮಾತ್ರ ಕುರ್ಚಿ ಎತ್ತುತ್ತಿರಲಿಲ್ಲ. ಆ ಚಳಿಗಾಲದ ಜಗಳ ಎದ್ದದ್ದು ಒಂದು ಪ್ರಶ್ನೆಯಿಂದ. ದೂರದ ಗೋಪುರವನ್ನು ನೋಡುತ್ತಿರುವ ಕಣ್ಣು, ಮೂಗಿನ ಮುಂದೆ ಹಿಡಿದ ಸೂಜಿಯನ್ನು ನೋಡಬೇಕಾದಾಗ, ಕಣ್ಣಿನ ಒಳಗೆ ಬದಲಾಗುವುದೇನು?

ಔಷಧದಂಗಡಿಯ ಕ್ವಿರೈನ್ ಮೋಲ್ ಅದಕ್ಕೆ ಸುಲಭದ ಉತ್ತರ ಕೊಟ್ಟಿದ್ದರು. ಅವರು ನಲವತ್ತು ತುಂಬದ, ಆದರೆ ಹೊಟ್ಟೆ ಮಾತ್ರ ಅರವತ್ತು ದಾಟಿದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಅಕ್ಕನೊಡನೆ ವಾಸ. ಕಣ್ಣುಗುಡ್ಡೆಯನ್ನು ಹೊರಗಿನ ಸ್ನಾಯುಗಳು ಹಿಂಡುತ್ತವೆ, ಆಗ ಗುಡ್ಡೆ ಸೌತೆಕಾಯಿಯ ಹಾಗೆ ಉದ್ದವಾಗುತ್ತದೆ, ಅಷ್ಟೇ ಎಂದರು. ಸಭೆ ತಲೆದೂಗಿತು. ವಿಸ್ಸಿಂಕ್ ಡಾಕ್ಟರರು ಎದ್ದು ನಿಂತು, ಅದೆಲ್ಲ ಕಟ್ಟುಕಥೆ ಎಂದರು. ಕಣ್ಣೊಳಗೆ ಪಾಪೆಯ ಹಿಂದೆ ಬೇಳೆಯಾಕಾರದ ಮಸೂರವೊಂದು ಸುತ್ತಲೂ ನವುರಾದ ಎಳೆಗಳಿಂದ ತೂಗುಬಿದ್ದಿದೆ. ಆ ಎಳೆಗಳ ಇನ್ನೊಂದು ತುದಿ ಬಳೆಯಂಥ ಸ್ನಾಯುವಿಗೆ ಅಂಟಿದೆ. ದೂರ ನೋಡುವಾಗ ಎಳೆಗಳು ಬಿಗಿದು ಮಸೂರ ಚಪ್ಪಟೆಯಾಗಿರುತ್ತದೆ. ಹತ್ತಿರ ನೋಡಲು ಹೊರಟರೆ ಬಳೆ ಬಿಗಿದು ಕಿರಿದಾಗುತ್ತದೆ, ಎಳೆಗಳು ಸಡಿಲವಾಗುತ್ತವೆ, ಮಸೂರ ತನ್ನ ಪಾಡಿಗೆ ತಾನು ಮುಂದಕ್ಕೆ ಉಬ್ಬುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಡಾಕ್ಟರರು ಎಲ್ಲರಿಗೂ ತಿಳಿಯಲೆಂದು, ಮದುವೆ ಊಟದಲ್ಲಿ ಸೊಂಟದ ಪಟ್ಟಿ ಸಡಿಲಿಸಿದ ಕೂಡಲೇ ಹೊಟ್ಟೆ ಉಬ್ಬುವುದಿಲ್ಲವೇ, ಹಾಗೆ ಎಂದು ಸೇರಿಸಿದರು. ಹೇಳುವಾಗ ಅವರ ದೃಷ್ಟಿ ಮೋಲ್ ಅವರ ಹೊಟ್ಟೆಯ ಮೇಲಿತ್ತು. ಸಭೆಯ ದೃಷ್ಟಿಯೂ ಅಲ್ಲಿಗೇ ಹೋಯಿತು.

ಮೋಲ್ ಕೆಂಪಾದರು. "ಡಾಕ್ಟ್ರು ಕಣ್ಣೊಳಗೆ ಇಳಿದು ನೋಡ್ಕೊಂಡು ಬಂದ ಹಾಗಿದೆ," ಎಂದರು.

ಜನ ನಕ್ಕರು. ಬರುವ ಶನಿವಾರದ ಸಭೆಯಲ್ಲಿ ಸಾಕ್ಷಿ ಸಮೇತ ರುಜುವಾತು ಮಾಡುತ್ತೇನೆ, ಮಾಡದಿದ್ದರೆ ಸಂಘದ ಮೆಟ್ಟಿಲು ಮತ್ತೆ ಹತ್ತುವುದಿಲ್ಲ ಎಂದು ಡಾಕ್ಟರರು ಶಪಥ ಮಾಡಿ ಮನೆಗೆ ಬಂದರು. ಮರುದಿನದಿಂದ ಅಲೈಡಾಳ ಕಷ್ಟಕಾಲ ಮೊದಲಾಯಿತು.

ಪ್ರಯೋಗವೇನೋ ಸರಳ. ಕತ್ತಲೆ ಕೋಣೆಯಲ್ಲಿ ಒಬ್ಬರ ಕಣ್ಣಿನ ಪಕ್ಕಕ್ಕೆ ಮೇಣದಬತ್ತಿ ಹಿಡಿದು ಇನ್ನೊಂದು ಪಕ್ಕದಿಂದ ಇಣುಕಿದರೆ, ಕಣ್ಣಿನಲ್ಲಿ ಮೂರು ಪುಟ್ಟ ದೀಪಗಳು ಕಾಣುತ್ತವೆ. ಮೊದಲನೆಯದು ಕಣ್ಣಿನ ಹೊರಮೈಯಲ್ಲಿ ಹೊಳೆಯುವುದು. ನಡುವಿನದು ಮಸೂರದ ಮುಂಭಾಗದ್ದು, ದೊಡ್ಡದು, ಮಂಕು. ಕೊನೆಯದು ಮಸೂರದ ಹಿಂಭಾಗದ್ದು, ಚಿಕ್ಕದು, ತಲೆಕೆಳಗು. ದೂರ ನೋಡುತ್ತಿದ್ದ ಕಣ್ಣು ಹತ್ತಿರಕ್ಕೆ ತಿರುಗಿದಾಗ ನಡುವಿನ ದೀಪ ಚಿಕ್ಕದಾಗಿ ಮೊದಲನೆಯದರ ಕಡೆಗೆ ಸರಿದರೆ, ಮಸೂರದ ಮುಂಭಾಗ ಉಬ್ಬಿತೆಂದೇ ಅರ್ಥ. ತನ್ನ ಕಣ್ಣಿನೊಳಗೆ ತಾನೇ ಹೀಗೆ ಇಣುಕಲಾಗದು, ಇಣುಕಿದರೂ ಐವತ್ತು ದಾಟಿದ ಡಾಕ್ಟರರ ಮಸೂರ ಉಬ್ಬುವ ಹುರುಪು ಕಳೆದುಕೊಂಡಿತ್ತು. ಅಲೈಡಾ ಅವರಿಗಿಂತ ಸಾಕಷ್ಟು ಚಿಕ್ಕವಳು. ಆದರೆ ಅವಳು ಗೋಪುರ ನೋಡೆಂದರೆ ಗೋಪುರದ ಮೇಲಿನ ಪಾರಿವಾಳ ನೋಡುವಳು, ಸೂಜಿ ನೋಡೆಂದರೆ ಒಲೆಯ ಮೇಲಿನ ಬಟಾಣಿ ಸೂಪು ತಳ ಹಿಡಿಯಿತೇನೋ ಎಂದು ಮೂಗರಳಿಸಿ ಅಡಿಗೆಮನೆಯ ಕಡೆ ನೋಡುವಳು. ಅಷ್ಟಾದರೂ ನಡುವಿನ ದೀಪ ಸರಿದದ್ದನ್ನು ಡಾಕ್ಟರರು ಕಣ್ಣಾರೆ ಕಂಡಿದ್ದರು.

ಇನ್ನು ಉಳಿದದ್ದು ಕೊನೆಯ ಪ್ರಯೋಗ. ಕಣ್ಣಿಗೆ ಬೆಲ್ಲಡೋನ ಹನಿ ಹಾಕಿದರೆ (ಹೆಸರಿನಲ್ಲಿ ಬೆಲ್ಲವಿದ್ದರೂ ಅದು ವಿಷ) ಪಾಪೆ ಅಗಲವಾಗುತ್ತದೆ, ಒಳಗಿನ ಬಳೆಸ್ನಾಯು ಮರಗಟ್ಟುತ್ತದೆ, ಹೊರಗಿನ ಸ್ನಾಯುಗಳು ಎಂದಿನಂತೆಯೇ ಇರುತ್ತವೆ, ಕೆಲವು ದಿನ ಹತ್ತಿರದ್ದೇನೂ ಕಾಣುವುದಿಲ್ಲ. ಆಗ ನಡುವಿನ ದೀಪವೂ ಕದಲದೆ ನಿಂತರೆ ಮೋಲ್ ಬಾಯಿ ಮುಚ್ಚಿದಂತೆಯೇ. ಗುರುವಾರ ಬೆಳಗ್ಗೆ ಡಾಕ್ಟರರು ಕೆಲಸದ ಯಾನ್ನೆಯನ್ನು ಆ ರಸ ತರಲು ಕಳಿಸಿದರು. ಹತ್ತಿರದಲ್ಲಿದ್ದದ್ದು ಮೋಲ್ ಅವರ ಅಂಗಡಿಯೊಂದೇ. ಯಾರಿಗೆ ಎಂದು ಮೋಲ್ ಕೇಳಿದರಂತೆ. ಏನೂ ಬಾಯಿ ಬಿಡಬೇಡವೆಂದು ಯಜಮಾನರು ಹೇಳಿದ್ದರಿಂದ ಯಾನ್ನೆ ಬಹಳ ಜಾಣತನದಿಂದ, "ನಂಗೇನೂ ಗೊತ್ತಿಲ್ಲ. ಯಜಮಾನ್ರಿಗೇ ಬೇಕಂತೆ. ಅವ್ರು ಆ ಸಭೆಯಿಂದ ಬಂದಾಗಿನಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ," ಎಂದು ಹೇಳಿ, ಸೀಸೆ ತಂದುಕೊಟ್ಟು, ತವರಿಗೆ ಹೋದಳು.

ಚರ್ಚಿನ ಗೋಪುರ ಕಾಣುವುದು ಬೀದಿಯ ಕಡೆಯ ಮುಂಗೋಣೆಯಿಂದ ಮಾತ್ರ. ಆದ್ದರಿಂದ ಡಾಕ್ಟರರು ಆ ಕೋಣೆಯ ಕಿಟಕಿಗಳ ಮರದ ಕದಗಳನ್ನು ಪೂರ್ತಿ ಮುಚ್ಚಿ, ಗೋಪುರ ಕಾಣುವಷ್ಟು ಸಣ್ಣ ಸಂದನ್ನು ಮಾತ್ರ ಬಿಟ್ಟರು.

"ಹಾಡಹಗಲೇ ಬೀದಿ ಕಡೆ ಕದ ಮುಚ್ಚಿದ್ರೆ ನೋಡ್ದೋರು ಏನಂದ್ಕೋತಾರ್ರೀ?" ಎಂದಳು ಅಲೈಡಾ.

ವಿಜ್ಞಾನಕ್ಕೆ ಬೀದಿಯ ಹಂಗಿಲ್ಲ ಎಂದರು ಡಾಕ್ಟರರು. ಆ ಊರಲ್ಲಿ ಹಗಲು ಹೊತ್ತು ಬೀದಿಯ ಕದ ಮುಚ್ಚಿದರೆ ಅದಕ್ಕೆ ಇದ್ದದ್ದು ಒಂದೇ ಅರ್ಥ: ಒಳಗೆ ಹೆಣವಿದೆ. ಅದು ಡಾಕ್ಟರರಿಗೂ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅವರ ತಲೆಯಲ್ಲಿದ್ದದ್ದು ಮಸೂರವೊಂದೇ. ಮೇಣ ತೊಟ್ಟಿಕ್ಕಿ ಕರಿಯ ಕೋಟು ಹಾಳಾದರೆ ತಾನು ಒಗೆಯುವುದಿಲ್ಲವೆಂದು ಅಲೈಡಾ ಖಂಡಿತವಾಗಿ ಹೇಳಿದ್ದರಿಂದ ಅವರು ಕೋಟು ಕಳಚಿ, ಕುತ್ತಿಗೆಯಿಂದ ಕಾಲಿನವರೆಗೆ ಬಿಳಿ ದುಪ್ಪಟಿ ಸುತ್ತಿಕೊಂಡು, ಚಳಿಗೆಂದು ರಾತ್ರಿ ಟೋಪಿಯನ್ನೂ ಹಾಕಿಕೊಂಡು ಕೆಲಸಕ್ಕೆ ನಿಂತರು.

ಒಂದು ಕಣ್ಣಿಗೆ ಹನಿ ಹಾಕಿದರೆ ಸಾಕಾಗುತ್ತಿತ್ತು. ಆದರೆ ಮೋಲ್ ಅವರಿಗೆ ಸಂದೇಹದ ಎಳೆಯೂ ಉಳಿಯಬಾರದೆಂದು ಎರಡಕ್ಕೂ ಹಾಕಿದರು. ಅಲೈಡಾಳ ಕಣ್ಣು ಉರಿದು ಕೆಂಪಾಗಿ ಧಾರಾಕಾರವಾಗಿ ನೀರಿಳಿಯಿತು. ಹಾಗೆ ಕಾಯುತ್ತ ಕೂತರು. ಕ್ರಮೇಣ ಪಾಪೆ ಅರಳಿ ಕಣ್ಣೆಲ್ಲ ಕಪ್ಪಾಯಿತು. ಗೋಪುರ ಕಾಣುತ್ತದೆ ಎಂದಳು. ಸೂಜಿ ಎಂದರೆ, "ಯಾವ ಸೂಜಿ? ನಿಮ್ಮ ಮೂಗೇ ಕಾಣ್ತಿಲ್ಲ," ಎಂದಳು. ಡಾಕ್ಟರರು ದುಪ್ಪಟಿ ಎತ್ತಿ ಹಿಡಿದು ಇಣುಕಿದರು. ನಡುವಿನ ದೀಪ ಇದ್ದಲ್ಲೇ ಇತ್ತು. ತಮ್ಮ ಮಾತಿಗೆ ಮಣಿಯದ ಮೋಲ್ ಇನ್ನು ತಮ್ಮ ಹೆಂಡತಿಯ ಕಣ್ಣಿಗೆ ಮಣಿಯಲೇಬೇಕೆಂದು ಅವರು ಹಿಗ್ಗುತ್ತಿರುವಾಗ ಬಾಗಿಲ ಗಂಟೆ ಬಾರಿಸಿತು.

ದುಪ್ಪಟಿ ಸುತ್ತಿಕೊಂಡ ಯಜಮಾನ ಬಾಗಿಲು ತೆಗೆಯುವಂತಿಲ್ಲ. ಯಾನ್ನೆ ಇಲ್ಲ. ಅಲೈಡಾ ಗೋಡೆ ತಡವುತ್ತ, ಸೆರಗಿನಂತೆ ಹೊದ್ದ ಶಾಲಿನಿಂದ ಕಣ್ಣೊರೆಸಿಕೊಳ್ಳುತ್ತ ಹೋಗಿ ತೆಗೆದಳು. ಬಂದವಳು ಎದುರುಮನೆಯ ವಿಧವೆ ಹಿಲ್ಲೆಕೆ ಬ್ರೂಯಿನ್ಸ್, ಕೈಯಲ್ಲಿ ಜೇನಿನ ಕೇಕು. ಅವಳು ಅಲೈಡಾಳ ಕಣ್ಣು ನೋಡಿದವಳೇ ಕೇಕನ್ನು ಕೆಳಗಿಟ್ಟು ತಬ್ಬಿಕೊಂಡಳು.

"ಯಾವಾಗ ಆಯ್ತು, ಕಂದಾ?"

"ಈಗ ಸ್ವಲ್ಪ ಹೊತ್ತಾಯ್ತು, ಅಕ್ಕಾ," ಎಂದಳು ಅಲೈಡಾ, ಹನಿ ಹಾಕಿದ್ದು ಇವಳಿಗೆ ಹೇಗೆ ಗೊತ್ತಾಯಿತೆಂದು ಬೆರಗಾಗಿ.

"ತುಂಬಾ ನೋವಿತ್ತಾ?"

"ಮೊದ್ಲು ಉರಿ ಇತ್ತು. ಈಗ ಏನೂ ಇಲ್ಲ."

"ಪುಣ್ಯ. ಎಲ್ಲಿದಾರೆ?"

"ಮುಂಗೋಣೇಲಿ. ಕತ್ತಲೆ ಮಾಡಿ ಮೇಣದಬತ್ತಿ ಹಚ್ಚಿದೆ."

"ದುಪ್ಪಟಿ ಹೊದಿಸಿದ್ಯಾ?"

"ನಾನೇ ಸುತ್ತಿದೆ. ಇಲ್ದಿದ್ರೆ ಕೋಟು ಹಾಳಾಗ್ತಿತ್ತು."

ಈ ದುಃಖದಲ್ಲೂ ಕೋಟಿನ ಯೋಚನೆ ಮಾಡುವ ಗಟ್ಟಿಗಿತ್ತಿಯನ್ನು ಹಿಲ್ಲೆಕೆ ಮತ್ತೆ ತಬ್ಬಿಕೊಂಡಳು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಡಾಕ್ಟರರಿಗೆ ಈಗ ಸಂಗತಿ ಅರ್ಥವಾಯಿತು. ಹೊರಗೆ ಹೋಗಿ ಸರಿಪಡಿಸಬೇಕೆಂದು ಅಗುಳಿಗೆ ಕೈ ಹಾಕಿದರು. ಅಷ್ಟರಲ್ಲಿ ಹಿಲ್ಲೆಕೆ, ಇಂಥ ಡಾಕ್ಟರು ಈ ಊರಿಗೆ ಮತ್ತೆ ಬರುವುದಿಲ್ಲ ಎಂದಳು. ಕೈ ಅಲ್ಲೇ ನಿಂತಿತು. (ನೀವಾದರೂ ಆ ಗಳಿಗೆಯಲ್ಲಿ ಹೊರಗೆ ಹೋಗುತ್ತಿದ್ದಿರಾ?)

ಹಿಲ್ಲೆಕೆ ಮುಂದುವರಿಸಿದಳು. ಬಡವರ ಮನೆಗೂ ಕರೆದಾಗ ಬರುತ್ತಿದ್ದರು. ಮಾತು ಬೆಣ್ಣೆಯಂಥದು. ಕೈಗುಣ ಮಾತ್ರ ಒಂದಿಷ್ಟು ಕಡಿಮೆ. "ಅವ್ರು ಕೊಟ್ಟ ಔಷಧಾನೆಲ್ಲ ನಾನು ಹೂವಿನ ಕುಂಡಕ್ಕೆ ಸುರೀತಿದ್ದೆ, ಈಗ ಹೇಳೋದ್ರಲ್ಲಿ ತಪ್ಪೇನು. ಅದಕ್ಕೇ ನಾನಿನ್ನೂ ಗಟ್ಟಿಯಾಗಿದೀನಿ."

"ಗಿಡ ಹೇಗಿದೆ?" ಎಂದಳು ಅಲೈಡಾ, ಏನು ಕೇಳಬೇಕೆಂದು ತೋಚದೆ.

"ಅದು ಹೋಯ್ತು, ಪಾಪ."

ನೀನಿನ್ನೂ ಚಿಕ್ಕವಳು, ಮುಂದಿನದನ್ನು ಯೋಚಿಸಬೇಕು ಎಂದು ಹಿಲ್ಲೆಕೆ ಕಿವಿಯಲ್ಲಿ ಹೇಳಿದಾಗಲೇ ಅಲೈಡಾಳಿಗೂ ತಲೆಗೆ ಹೊಳೆದದ್ದು. ಅಯ್ಯೋ ಅಕ್ಕಾ, ಅವರು ಬದುಕಿದ್ದಾರೆ ಎಂದು ಅವಳು ಹೇಳಿದ್ದು ನಿಜ. ಆದರೆ ಆಗ ಅವಳ ಬಾಯಿ ಹಿಲ್ಲೆಕೆಯ ವಿಶಾಲವಾದ ಎದೆಯಲ್ಲಿ ಹುದುಗಿತ್ತು. ಹೌದು ಕಂದಾ, ನಮ್ಮ ಮನಸ್ಸಿನಲ್ಲಿ ಯಾವಾಗಲೂ ಬದುಕಿರುತ್ತಾರೆ ಎಂದು ಹಿಲ್ಲೆಕೆ ಕಣ್ಣೊರೆಸಿಕೊಂಡು, ತನ್ನ ಮನೆಯ ಕದಗಳನ್ನೂ ಮುಚ್ಚಿ, ಸಾವು ಸಾರುವ ತೂನಿಸನಿಗೆ ಸುದ್ದಿ ಮುಟ್ಟಿಸಲು ಓಡಿದಳು.

ಅಲೈಡಾ ಒಳಗೆ ಬಂದು, ಮೊದಲು ಕದ ತೆಗೆಯಿರಿ ಎಂದಳು. ಡಾಕ್ಟರರು ಕುಸಿದು ಕೂತಿದ್ದರು. ಸತ್ತ ಸುದ್ದಿ ಅವರಿಗೆ ಅಷ್ಟು ತಾಕಿರಲಿಲ್ಲ. ಹೂವಿನ ಕುಂಡ ತಾಕಿತ್ತು. ಯಾವ ಔಷಧ, ಎಷ್ಟು ವರ್ಷದಿಂದ ಎಂದು ಅವರು ವಿಚಾರಿಸುತ್ತಿರುವಾಗಲೇ ಮತ್ತೆ ಗಂಟೆ ಬಾರಿಸಿತು. ಈ ಸಲ ಬಂದದ್ದು ಏದುಸಿರಿನ ಸದ್ದು. ಆ ಏದುಸಿರು ಯಾರದೆಂದು ಸಂಘದ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು.

"ಮೋಲ್," ಎಂದು ಪಿಸುಗುಟ್ಟಿದರು ಡಾಕ್ಟರರು. ಅವರ ಮುಖ ಬೆಳಗಿತು. "ಅಲೈಡಾ, ಹೋಗು. ಏನೂ ಹೇಳ್ಬೇಡ."

"ಇದು ಸರಿಯಲ್ಲಾರೀ."

"ಸುಳ್ಳು ಹೇಳು ಅಂತ ನಾನೆಲ್ಲಿ ಅಂದೆ? ಸುಮ್ನಿರು, ಸಾಕು. ಆ ಮನುಷ್ಯ ನನ್ನ ಬಗ್ಗೆ ಏನಂತಾನೆ ಒಂದ್ಸಲ ಕೇಳ್ಬೇಕು."

ಮೋಲ್ ಅವರ ಮುಖದಲ್ಲಿ ರಕ್ತವಿರಲಿಲ್ಲ. ಬೀದಿಯಲ್ಲಿ ಮುಚ್ಚಿದ ಕದ ಕಂಡಾಗಿನಿಂದ ಅವರ ಕಣ್ಣ ಮುಂದೆ ಬೆಳಗ್ಗೆ ಯಾನ್ನೆಯ ಕೈಗೆ ಕೊಟ್ಟ ಸೀಸೆಯೇ ಕುಣಿಯುತ್ತಿತ್ತು. ಅವರು ಟೋಪಿ ತೆಗೆಯುವುದನ್ನೂ ಮರೆತು, "ಅಮ್ಮಾವ್ರೇ, ಎಷ್ಟು ತಗೊಂಡ್ರು?" ಎಂದು ಕೇಳಿದರು.

"ಎರಡೆರಡು ಹನಿ," ಎಂದಳು ಅಲೈಡಾ. ಸುಳ್ಳಂತೂ ಅಲ್ಲ.

ಮೋಲ್ ನಡುಮನೆಯ ಕುರ್ಚಿಯಲ್ಲಿ ಧೊಪ್ಪೆಂದು ಕೂತರು. ಅಷ್ಟಕ್ಕೇ ಯಾರೂ ಸಾಯುವುದಿಲ್ಲ, ಹಾಗಾದರೆ ನಾನೇ ರಸವನ್ನು ಗಟ್ಟಿ ಮಾಡಿಬಿಟ್ಟೆನೇ ಎಂದು ತಮ್ಮಷ್ಟಕ್ಕೆ ಗೊಣಗಿದರು. ಆಮೇಲೆ ಇದ್ದಕ್ಕಿದ್ದಂತೆ ಅಳತೊಡಗಿದರು. ಬಾಗಿಲ ಸಂದಿನಿಂದ ನೋಡುತ್ತಿದ್ದ ಡಾಕ್ಟರರಿಗೆ ದಿಗ್ಭ್ರಮೆಯಾಯಿತು. ಆ ಮನುಷ್ಯನಿಗೆ ಅಳಲು ಬರುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

"ಅವ್ರನ್ನ ಈ ಗತಿಗೆ ತಂದೋನು ನಾನೇ, ಅಮ್ಮಾವ್ರೇ. ಅವ್ರು ಹೇಳಿದ್ದೇ ಸರಿ. ನಮ್ಮಕ್ಕನ ಮಗಳ ಕಣ್ಣಿಗೆ ನಾನೂ ಮೇಣದಬತ್ತಿ ಹಿಡಿದು ನೋಡ್ದೆ. ಸೂಜಿ ತೋರಿಸಿದ ಕೂಡ್ಲೇ ನಡುವಿನ ದೀಪ ಚಿಕ್ಕದಾಗಿ ಮುಂದಕ್ಕೆ ಬಂತು. ಕಣ್ಣುಗುಡ್ಡೆ ಉದ್ದ ಆಗಲ್ಲ, ಏನೂ ಆಗಲ್ಲ. ಶನಿವಾರ ಸಭೇಲಿ ಎದ್ದು ನಿಂತು ಹೇಳ್ಬೇಕು ಅಂದ್ಕೊಂಡಿದ್ದೆ." ಮೋಲ್ ಮೂಗೊರೆಸಿಕೊಂಡರು. ಸಾವಿನ ಮನೆಯಲ್ಲಿ ಸುಳ್ಳು ಬೇಡವೆನ್ನಿಸಿತೋ ಏನೋ. "ಅಂದ್ಕೊಂಡಿದ್ದೆ ಅಷ್ಟೇ. ಹೇಳ್ತಾ ಇರ್ಲಿಲ್ಲ."

ಇಷ್ಟು ಕೇಳಿದ ಮೇಲೂ ಸುಮ್ಮನಿರಲು ಡಾಕ್ಟರರೇನು ಸಂತರೇ? ಬಾಗಿಲು ದಡಾರನೆ ತೆರೆಯಿತು. ತಲೆಯಿಂದ ಕಾಲಿನವರೆಗೆ ಬಿಳಿ, ಗದ್ದದ ಕೆಳಗೆ ಉರಿಯುವ ಮೇಣದಬತ್ತಿ, ಮುಖದ ತುಂಬ ಹಲ್ಲು.

"ಇನ್ನೊಂದ್ಸಲ ಹೇಳಿ, ಮೋಲ್ ಅವ್ರೇ."

ಮೋಲ್ ಕುರ್ಚಿಯ ಸಮೇತ ಹಿಂದಕ್ಕೆ ಉರುಳಿ ಅಂಗಾತ ಬಿದ್ದರು.

ಅಲೈಡಾ ಮೂರ್ಛೆಗೆ ವಿನಿಗರ್ ಮೂಸಿಸಬೇಕೆಂದು ಗೂಡಿಗೆ ಓಡಿ, ಕೈಗೆ ಸಿಕ್ಕ ಸೀಸೆಯ ದ್ರವವನ್ನು ಬಟ್ಟೆಗೆ ಸುರಿದು, ಮೋಲ್ ಅವರ ಹಣೆ, ಕೆನ್ನೆ, ಮೂಗುಗಳಿಗೆ ಧಾರಾಳವಾಗಿ ಹಚ್ಚಿದಳು. ಹತ್ತಿರದ್ದೇನೂ ಕಾಣದವಳು ಪಾಪ, ಅದು ಮಸಿ. ಡಾಕ್ಟರರು ಅವರ ಎದೆಯ ಮೇಲೆ ಬಗ್ಗಿ ಕೊರಳಪಟ್ಟಿ ಸಡಿಲಿಸಿ, ನಾಡಿ ನೋಡಿ, ರೆಪ್ಪೆ ಎತ್ತಿದರು. ಇಲ್ಲಿಯವರೆಗೆ ಅವರು ಮಾಡಿದ್ದು ವೈದ್ಯನ ಕೆಲಸ. ಆದರೆ ಒಂದು ಕೈಯಲ್ಲಿ ರೆಪ್ಪೆ, ಇನ್ನೊಂದು ಕೈಯಲ್ಲಿ ಮೇಣದಬತ್ತಿ, ಕೆಳಗೆ ವೈರಿಯ ಕಣ್ಣು. ಇಂಥ ಯೋಗ ವಿಜ್ಞಾನಿಗೆ ಜನ್ಮದಲ್ಲಿ ಎಷ್ಟು ಸಲ ಕೂಡಿ ಬರುತ್ತದೆ? ಅವರು ಪಕ್ಕದಿಂದ ಇಣುಕಿದರು.

ಮೋಲ್ ಅವರಿಗೆ ಎಚ್ಚರವಾಯಿತು. ಮೊದಲು ಅವರ ದೃಷ್ಟಿ ದೂರದ ಚಾವಣಿಯ ಮೇಲೆ ಹೋಗಿ ಮಂಕಾಗಿ ನಿಂತಿತು. ಮೂರು ದೀಪಗಳೂ ಸ್ಪಷ್ಟ. ಆಮೇಲೆ ದೃಷ್ಟಿ ಇಳಿದು, ತಮ್ಮ ಮೂಗಿನ ಮುಂದೆಯೇ ಇದ್ದ ಸತ್ತ ಡಾಕ್ಟರರ ಮುಖಕ್ಕೆ ನೆಟ್ಟಿತು. ಆ ಗಳಿಗೆಯಲ್ಲಿ ಆ ಕಣ್ಣು ನೋಡಿದಷ್ಟು ತೀವ್ರವಾಗಿ, ಅಷ್ಟು ಹತ್ತಿರದ್ದನ್ನು, ಬೇರೆ ಯಾವ ಕಣ್ಣೂ ನೋಡಿರಲಾರದು. ನಡುವಿನ ದೀಪ ಪುಟ್ಟದಾಗಿ ಛಂಗನೆ ಮುಂದಕ್ಕೆ ನೆಗೆಯಿತು.

"ಉಬ್ಬಿತು, ಉಬ್ಬಿತು," ಎಂದು ಡಾಕ್ಟರರು ಹುಚ್ಚೆದ್ದು ಕೂಗಿದರು.

ತೆರೆದೇ ಇದ್ದ ಬಾಗಿಲಿನಿಂದ ಹಿಲ್ಲೆಕೆ ಕಾಫಿ ಪಾತ್ರೆ ಹಿಡಿದು ಒಳಗೆ ಬಂದದ್ದು ಆಗಲೇ. ಅವಳ ಹಿಂದೆ ಕರಿಯ ನಿಲುವಂಗಿಯ ತೂನಿಸ್, ಅವನ ಹಿಂದೆ ಅರ್ಧ ಬೀದಿ. ಅವರು ಕಂಡದ್ದಿಷ್ಟು: ಸುತ್ತಿದ ಬಿಳಿ ಬಟ್ಟೆಯಲ್ಲೇ ಎದ್ದು ಬಂದ ಹೆಣ, ಮುಖವೆಲ್ಲ ಕಪ್ಪಿಟ್ಟ ಔಷಧದಂಗಡಿಯವನ ಎದೆಯ ಮೇಲೆ ಕೂತು, ಉಬ್ಬಿತು ಎಂದು ಕುಣಿಯುತ್ತಿದೆ, ಪಕ್ಕದಲ್ಲಿ ಹೊಸ ವಿಧವೆ ಅಲೈಡಾ, ಕೈಯೆಲ್ಲ ಮಸಿ, ಬಾಗಿಲ ಕಡೆ ನೋಡಿ ಬನ್ನಿ ಬನ್ನಿ ಎನ್ನುತ್ತಿದ್ದಾಳೆ. ಕಾಫಿ ಪಾತ್ರೆ ನೆಲಕ್ಕೆ ಬಿತ್ತು. ಅರ್ಧ ಬೀದಿ ಬಂದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಓಡಿತು. ಹಿಲ್ಲೆಕೆ ಮಾತ್ರ ಕದಲದೆ ನಿಂತು, ಹೂವಿನ ಕುಂಡದ ಮಾತನ್ನು ತಾನು ತಮಾಷೆಗೆ ಹೇಳಿದ್ದೆಂದು ಹೆಣಕ್ಕೆ ಆಣೆಯಿಟ್ಟು ಹೇಳಿದಳು.

ಎಲ್ಲವನ್ನೂ ಬಿಡಿಸಿ ಹೇಳಿ ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು. ಸಮಾಧಾನವಾಗದೆ ಉಳಿದವನು ತೂನಿಸ್. ಮೀನು ಪೇಟೆಯವರೆಗೂ ಮನೆಮನೆಗೆ ಸಾರಿಬಿಟ್ಟಿದ್ದನಂತೆ. "ಸತ್ರೆ ಹೇಗೆ ಸಾರ್ಬೇಕು ಅಂತ ಒಂದು ಕ್ರಮ ಇದೆ, ಡಾಕ್ಟ್ರೇ. ಸತ್ತಿಲ್ಲ ಅಂದ್ರೆ ಹೇಗೆ ಸಾರ್ಬೇಕು? ಯಾವ ಟೋಪಿ ಹಾಕ್ಕೋಬೇಕು?" ಎಂದು ಅವನು ಪಟ್ಟು ಹಿಡಿದು ಕೇಳಿದ. ಮೋಲ್ ಎದ್ದು, ಟೋಪಿಯನ್ನು ಮೂಗಿನವರೆಗೆ ಇಳಿಸಿಕೊಂಡು ಹೊರಟುಹೋದರು.

ಶನಿವಾರ ಸಂಘದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರರು ಮೂರು ದೀಪಗಳ ವಿಚಾರ, ಬೆಲ್ಲಡೋನದ ವಿಚಾರ ಹೇಳಿ, ಕೊನೆಗೆ ಮೋಲ್ ಅವರ ಕಣ್ಣಿನಲ್ಲಿ ತಾವು ಕಂಡದ್ದನ್ನೂ, ಮೋಲ್ ಅವರೇ ಒಪ್ಪಿಕೊಂಡದ್ದನ್ನೂ ಹೇಳಿ ಕೂತರು. ಮೋಲ್ ಎದ್ದರು. ಕಿವಿಯ ಹಿಂದೆ ಮಸಿ ಇನ್ನೂ ಉಳಿದಿತ್ತು. ವಿಧವೆಯನ್ನು ಸಂತೈಸಲು ಆಡಿದ ಮಾತು ವಿಜ್ಞಾನವಾಗುವುದಿಲ್ಲ ಎಂದರು.

"ಅವ್ಳು ವಿಧವೆ ಆಗಿರ್ಲಿಲ್ಲ," ಎಂದರು ಡಾಕ್ಟರರು.

"ನಾನು ಸಂತೈಸೋವಾಗ ಆಗಿದ್ರು," ಎಂದರು ಮೋಲ್.

ದೀಪ ನೆಗೆದದ್ದನ್ನು ಮತ್ತೆ ಯಾರಾದರೂ ಕಂಡಿದ್ದಾರೆಯೇ ಎಂದು ಅಧ್ಯಕ್ಷರು ಕೇಳಿದರು. ಅಲ್ಲಿದ್ದ ಅರ್ಧ ಬೀದಿಯೂ ಕಂಡಿದ್ದದ್ದು ಪಿಶಾಚಿಯನ್ನು ಮಾತ್ರ. ಅಲೈಡಾ ಹತ್ತಿರದಲ್ಲೇ ಇದ್ದಳು, ಆದರೆ ಹತ್ತಿರದ್ದೇ ಅವಳಿಗೆ ಕಾಣುತ್ತಿರಲಿಲ್ಲ. ಹಾಗಾದರೆ ಮೋಲ್ ಅವರ ಕಣ್ಣಿನಲ್ಲಿ ಈಗಲೇ, ಇಲ್ಲೇ, ಎಲ್ಲರ ಮುಂದೆ ತೋರಿಸುತ್ತೇನೆ ಎಂದು ಡಾಕ್ಟರರು ಮೇಣದಬತ್ತಿ ಹಚ್ಚಿದರು. ಮೋಲ್ ಬಹಳ ವಿನಯದಿಂದ ಕೈ ಮುಗಿದರು. ತಮ್ಮ ಅಭ್ಯಂತರವಿಲ್ಲ, ಆದರೆ ಪ್ರಯೋಗವೆಂದರೆ ಮೊದಲ ಸಲ ಹೇಗೆ ನಡೆಯಿತೋ ಎರಡನೆಯ ಸಲವೂ ಹಾಗೆಯೇ ನಡೆಯಬೇಕು, ಅದು ಡಾಕ್ಟರರೇ ನೂರು ಸಲ ಹೇಳಿದ ನಿಯಮ. ಆದ್ದರಿಂದ ಮೊದಲು ಡಾಕ್ಟರರು ಸಾಯಲಿ. ಅಧ್ಯಕ್ಷರು ಗಡ್ಡ ನೀವಿಕೊಂಡು, ನಿಯಮದ ಪ್ರಕಾರ ಮೋಲ್ ಹೇಳುವುದರಲ್ಲಿ ಹುರುಳಿದೆ ಎಂದರು.

ಮನೆಗೆ ಬಂದ ಗಂಡನಿಂದ ಅಲೈಡಾ ಇದನ್ನೆಲ್ಲ ಬಾಯಿ ತೆರೆದು ಕೇಳಿದಳು.

"ಅದಕ್ಕೆ ನೀವೇನಂದ್ರಿ?"

"ಯೋಚ್ನೆ ಮಾಡಿ ಹೇಳ್ತೀನಿ ಅಂದೆ," ಎಂದರು ಡಾಕ್ಟರರು. ಮುಖ ನೋಡಿದರೆ ಯೋಚನೆ ಆಗಲೇ ಅರ್ಧ ಮುಗಿದಂತಿತ್ತು.

ಅಲೈಡಾ ಕೈಯಂದಾಜಿನಲ್ಲೇ ಹೆಣೆಯುತ್ತಿದ್ದ ಕಾಲುಚೀಲವನ್ನು ಕೆಳಗಿಟ್ಟಳು. ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ಎಂಬಂತೆ ನೋಡಿದಳು. ಆಮೇಲೆ ಎದ್ದು ಹೋಗಿ ಬಟ್ಟಲು ತಂದು ಅವರ ಮುಂದೆ ಕುಕ್ಕಿದಳು.

"ಮೊದ್ಲು ಸೂಪು ಕುಡೀರಿ. ಸಾಯೋದನ್ನ ಸೋಮವಾರ ನೋಡೋಣ. ನಾಳೆ ನಮ್ಮಮ್ಮ ಊಟಕ್ಕೆ ಬರ್ತಿದಾರೆ."